ಮೊದಲು ನೀವೇ ಇಡ್ರಿ

ನಮ್ಮಂಥ ಕೆಲಸ ಮಾಡುವವರ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಯಾರಾದರೂ ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯದೆ ಒಳಗೆ ಹೋದರೂ ಸಾಕು, ನನ್ನ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ.

ನಾನು ನಾಸಿಕದ ಒಂದು ಟೆಲಿಫೋನ್ ಕಂಪನಿಯಲ್ಲಿದ್ದೇನೆ. ಮೂಲ ಊರು ಬೀದರ್ ಜಿಲ್ಲೆಯ ಭಾಲ್ಕಿ ಕಡೆ. ನೀವು ಫೋನಿನಲ್ಲಿ ಆಡುವ ಮಾತಿಗೂ ನನಗೂ ಸಂಬಂಧವಿಲ್ಲ. ನೀವು ಹಲೋ ಅನ್ನುವ ಮೊದಲೇ, ನಿಮಗೆ ಕೇಳಿಸದ ಹಾಗೆ, ಎಕ್ಸ್‌ಚೇಂಜುಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತವೆ. "ಈ ನಂಬರಿನವನು ನಿನ್ನವನೇನು?" "ಹೌದು, ನನ್ನವನೇ." "ಈಗ ಎಲ್ಲಿದ್ದಾನೆ?" "ಸಿನ್ನರದಲ್ಲಿದ್ದಾನೆ." ಆ ಮಾತುಕತೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಅದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಭಾನುವಾರ ಬೆಳಿಗ್ಗೆ ನಾಸಿಕದ ಮಿಸಳ್ ಅಂಗಡಿಗೆ ಹೋಗಿದ್ದರೆ ನಿಮಗೂ ಗೊತ್ತು. ನೂರು ಜನ ಒಟ್ಟಿಗೇ ಕೂಗುತ್ತಾರೆ, ಆದರೂ ಯಾರ ಪ್ಲೇಟು ಯಾರಿಗೆ ಎಂಬುದು ತಪ್ಪುವುದಿಲ್ಲ, ಏಕೆಂದರೆ ಪ್ರತಿಯೊಬ್ಬನ ಕೈಯಲ್ಲೂ ಒಂದು ಟೋಕನ್ ಇರುತ್ತದೆ. ಎಕ್ಸ್‌ಚೇಂಜೂ ಹಾಗೆಯೇ. ಪ್ರತಿ ಪ್ರಶ್ನೆಗೆ ಒಂದು ಟೋಕನ್. ಉತ್ತರ ಅದೇ ಟೋಕನ್ ಹಿಡಿದುಕೊಂಡು ಬರಬೇಕು. ಮಾತು ಶುರುವಾದರೆ ಶುರುವಾಯಿತು ಅನ್ನಬೇಕು, ಮುಗಿದರೆ ಮುಗಿಯಿತು ಅನ್ನಬೇಕು. ಕೇಳಿದವನು ಗಡಿಯಾರ ಇಟ್ಟುಕೊಂಡು ಕಾಯುತ್ತಾನೆ. ಹೊತ್ತು ಮೀರಿದರೆ ಟೋಕನ್ ಹರಿದು ಹಾಕಿ ಬೇರೆ ಕೆಲಸ ನೋಡುತ್ತಾನೆ. ಎಷ್ಟು ಚೆಂದದ ನಡತೆ! ಮನುಷ್ಯರಿಗೆ ಇದನ್ನು ಕಲಿಸುವವರಿಲ್ಲ ಎಂಬುದೇ ನನ್ನ ಚಿಂತೆ. ಈ ವರ್ಷ ನನ್ನ ಮಗಳ ಮದುವೆಯ ಮಾತು ನಾಸಿಕ ಮತ್ತು ಛತ್ರಪತಿ ಸಂಭಾಜಿನಗರದ ನಡುವೆ ಎಲ್ಲೋ ಸಿಕ್ಕಿಕೊಂಡಾಗ ಆ ಚಿಂತೆ ಜ್ವರಕ್ಕೇ ತಿರುಗಿತ್ತು.

ತಿಳಸ್ರಿ

ಸಂಬಂಧ ತಂದವಳು ನನ್ನ ಅಕ್ಕ. ಹುಡುಗನ ತಂದೆ ಕಲಬುರಗಿ ಕಡೆಯವರು, ಸಂಭಾಜಿನಗರದಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ. ಹುಡುಗ ಸಿನ್ನರದ ಕಾರ್ಖಾನೆಯಲ್ಲಿ ಎಂಜಿನಿಯರ್. ನಮ್ಮ ಮಗಳು ಪಿಂಪಳಗಾಂವ್ ಬಸವಂತದಲ್ಲಿ ದ್ರಾಕ್ಷಿ ಹೊರದೇಶಕ್ಕೆ ಕಳಿಸುವವರಲ್ಲಿ ಹಣ್ಣು ಪರೀಕ್ಷೆ ಮಾಡುತ್ತಾಳೆ. ಹುಳಿ ಯಾವುದು, ಸಿಹಿ ಯಾವುದು ಎಂದು ನೋಡಿದ ಕೂಡಲೇ ಹೇಳುವ ಹುಡುಗಿ.

ಅವರು ನಮ್ಮ ಮನೆಗೆ ಬಂದರು. ಹುಡುಗನ ತಾಯಿ ಒಂದು ದೊಡ್ಡ ಸ್ಟೀಲ್ ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದಿದ್ದರು. ಹುಡುಗ ಹುಡುಗಿ ಬಾಲ್ಕನಿಯಲ್ಲಿ ನಿಂತು ಮರಾಠಿಯಲ್ಲಿ ಮಾತಾಡಿದರು, ನಾವು ಒಳಗೆ ಕೂತು ಕನ್ನಡದಲ್ಲಿ ಕಿವಿಗೊಟ್ಟೆವು. ಎಲ್ಲ ಚೆನ್ನಾಗಿ ಆಯಿತು. ಹೊರಡುವ ಹೊತ್ತಿಗೆ ಅವರ ತಂದೆ ಕೈಮುಗಿದು, "ವಿಚಾರ ಮಾಡಿ ತಿಳಸ್ರಿ," ಅಂದರು.

ನಾನು ಹೆಣ್ಣಿನ ಕಡೆಯವನು. ತಿಳಿಸಬೇಕಾದವರು ಅವರು. "ಛೇ ಛೇ, ನೀವು ತಿಳಸ್ರಿ," ಅಂದೆ.

"ಹಂಗಲ್ರಿ, ನಿಮ್ಮ ಮನಿ ಕೂಸಿನ ಮಾತದು. ನೀವೇ ತಿಳಸ್ಬೇಕು."

"ಇಲ್ರಿ, ನಿಮ್ಮ ಬಾಯಿಂದಾನೇ ಬರ್ಲಿ."

ಲಿಫ್ಟಿನ ಬಾಗಿಲು ಮುಚ್ಚುವ ತನಕ ಇದು ನಡೆಯಿತು. ಅವರು ಹೋದ ಮೇಲೆ ನಾನು ಅಕ್ಕನ ಮುಂದೆ ಗೋಳಾಡಿದೆ. ನಮ್ಮ ಕೆಲಸದಲ್ಲಿ ಒಬ್ಬ ಕೇಳುತ್ತಾನೆ, ಒಬ್ಬ ಉತ್ತರಿಸುತ್ತಾನೆ. ಇಲ್ಲಿ ಇಬ್ಬರೂ ಗಡಿಯಾರ ಇಟ್ಟುಕೊಂಡು ಕಾಯಲು ಕೂತಿದ್ದೆವು, ಪ್ರಶ್ನೆ ಯಾರದು ಎಂಬುದೇ ನಿರ್ಧಾರವಾಗಿರಲಿಲ್ಲ!

ಅಕ್ಕ ಸಮಾಧಾನ ಮಾಡಿದಳು. "ನಾ ಅದೀನಲ್ಲೋ. ಅವರದು ಕೇಳಿ ನಿಮಗ ಹೇಳ್ತೀನಿ, ನಿಮ್ದು ಕೇಳಿ ಅವರಿಗ ಹೇಳ್ತೀನಿ. ಅಲ್ಲೀತನ ಮಕ್ಕಳು ಫೋನಿನಾಗ ಮಾತಾಡೂದು ಬ್ಯಾಡ." ಆ ಕಡೆಯ ತಾಯಿಯೂ ತಮ್ಮ ಮಗನಿಗೆ ಇದನ್ನೇ ಹೇಳಿದ್ದರಂತೆ. ಈ ಕಾಲದಲ್ಲಿ ಹಿರಿಯರ ಮಾತು ಕೇಳುವ ಮಕ್ಕಳು ಇಬ್ಬರೇ ಉಳಿದಿದ್ದರು, ಆ ಇಬ್ಬರೂ ನಮ್ಮ ಪಾಲಿಗೇ ಬಂದಿದ್ದರು.

ಚಹಾ ಮತ್ತು ಅಕ್ಕ

ಹೀಗಾಗಿ ಎಲ್ಲ ಭಾರ ಅಕ್ಕನ ಮೇಲೆ. ಅವಳು ನಮ್ಮಲ್ಲೇ ಉಳಿದಿದ್ದಳು. ಒಂದು ಸಂಜೆ ನಾನು ಟಿವಿ ಮುಂದೆ ಕೂತಿದ್ದೆ. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ಕೊತ್ತಂಬರಿ ಬಿಡಿಸುತ್ತಿದ್ದಳು. ಒಳಗಿನಿಂದ ಹೆಂಡತಿ ಕೂಗಿದಳು, "ಏನ್ರೀ, ಇನ್ನೊಂದು ಕಪ್ ಚಹಾ ಹಾಕ್ಲೇನ್ರಿ?"

ನಾನು ಬಾಯಿ ತೆರೆಯುವುದರೊಳಗೆ ಅವಳೇ ಇನ್ನೊಂದು ಪ್ರಶ್ನೆ ಕಳಿಸಿಬಿಟ್ಟಳು. "ಮತ್ತ ಅಕ್ಕಾರು ಇನ್ನೂ ನಾಕು ದಿನ ಇರ್ತೀನಿ ಅಂತಾರ, ಇರ್ಲಿ ಅಲ್ರಿ?"

ನಾನು ಸರದಿ ಪ್ರಕಾರ ಮೊದಲನೆಯದಕ್ಕೆ ಉತ್ತರ ಕೊಟ್ಟೆ. "ಬ್ಯಾಡ ಬ್ಯಾಡ. ಈಗಾಗ್ಲೇ ಹೆಚ್ಚಾಗ್ಯಾದ. ಎದಿ ಉರೀಲಾಕತ್ತದ."

ಕೊತ್ತಂಬರಿ ಬಿಡಿಸುವ ಸದ್ದು ನಿಂತಿತು. ಎಕ್ಸ್‌ಚೇಂಜಿನಲ್ಲಿ ಆಗಿದ್ದರೆ ನನ್ನ ಉತ್ತರದ ಜೊತೆ ಟೋಕನ್ ಹೋಗಿ ನೇರವಾಗಿ ಚಹಾ ಪಾತ್ರೆಗೆ ಮುಟ್ಟುತ್ತಿತ್ತು. ಇಲ್ಲಿ ಅದು ಅಕ್ಕನಿಗೆ ಮುಟ್ಟಿತು. ಅವಳು ಎದ್ದು ಹೋಗಿ ಸೀರೆಗಳನ್ನು ಬ್ಯಾಗಿಗೆ ತುಂಬತೊಡಗಿದಳು. ನನ್ನ ಹೆಂಡತಿ ಹಿಂದೆ ಹಿಂದೆ ಓಡಾಡಿ, "ಅಕ್ಕಾರ, ಅವರು ಅಂದದ್ದು ಚಹಾಕ್ಕ ರೀ!" ಅಂತ ಬೇಡಿಕೊಂಡಳು.

ಅಕ್ಕ ಬ್ಯಾಗಿನ ಜಿಪ್ ಎಳೆದು ಹೇಳಿದಳು. "ಅಂವ ಹುಟ್ಟಿದಾಗಿಂದ ನೋಡೀನಿ. ಚಹಾಕ್ಕ ಎಂದಾರ ಬ್ಯಾಡ ಅಂದಾನೇನು?"

ತಡವಾಗಿ ಬಂದ ಉತ್ತರ

ಅಕ್ಕ ಭಾಲ್ಕಿಗೆ ಹೋಗಿ, "ನಿಮ್ಮ ನಡುವ ನಾ ಬರಂಗಿಲ್ಲ, ನೀವೂ ನೀವೂ ನೋಡ್ಕೋರಿ," ಎಂದು ಹೇಳಿಕಳಿಸಿದಳು. ನಡುವಿನ ಎಕ್ಸ್‌ಚೇಂಜೇ ಬಂದ್! ಸಂಭಾಜಿನಗರದಿಂದ ಸುದ್ದಿ ಇಲ್ಲ. ನಾವೇ ಫೋನ್ ಮಾಡೋಣ ಅಂದರೆ ಹೆಂಡತಿ ಬಿಡಲಿಲ್ಲ. "ಹೆಣ್ಣಿನ ಕಡಿಯವರು ಮೇಲಬಿದ್ದು ಕೇಳಿದ್ರ ನಾವು ಹಗುರ ಆಗ್ತೀವಿ." ಅಷ್ಟೇ ಅಲ್ಲ, ಅವಳು ತನ್ನದೇ ಒಂದು ಗಡಿಯಾರ ಇಟ್ಟಳು. ದೀಪಾವಳಿಯ ತನಕ ನೋಡುವುದು, ಆಮೇಲೆ ಸೋಲಾಪುರದಿಂದ ಕೇಳಿಬಂದಿದ್ದ ಇನ್ನೊಬ್ಬ ಹುಡುಗನ ಕಡೆಯವರಿಗೆ ಬರಹೇಳುವುದು.

ಇದು ಕೇಳಿ ನನಗೆ ಊಟ ಸೇರಲಿಲ್ಲ. ಏಕೆಂದರೆ ಅದೇ ವಾರ ಕಂಪನಿಯಲ್ಲಿ ಅಂಥದೇ ಒಂದು ಗೋಳು ಹಿಡಿದಿದ್ದೆ. ದೌಲತಾಬಾದ್ ಕೋಟೆ ನೋಡಲು ಹೊರ ಊರುಗಳಿಂದ ಬಂದವರ ಫೋನುಗಳು ಸತ್ತು ಬೀಳುತ್ತಿದ್ದವು. ಫೋನು ಹೊಸ ಊರಿಗೆ ಬಂದ ಕೂಡಲೇ ಅಲ್ಲಿನ ಎಕ್ಸ್‌ಚೇಂಜು ಅದರ ತವರಿನ ಎಕ್ಸ್‌ಚೇಂಜಿಗೆ, "ಇವನು ನಿನ್ನವನೇನು?" ಎಂದು ಕೇಳುತ್ತದೆ. ತವರಿನವನು "ಹೌದು" ಎಂದು ಕಳಿಸುತ್ತಲೇ ಇದ್ದ. ಆದರೆ ಕೇಳಿದವನ ಗಡಿಯಾರ ತೀರ ಅವಸರದ್ದು. ಉತ್ತರ ಬಾಗಿಲಿಗೆ ಬರುವಷ್ಟರಲ್ಲಿ ಅವನು ಟೋಕನ್ ಹರಿದು ಹಾಕಿರುತ್ತಿದ್ದ. ಬಂದ ಉತ್ತರಕ್ಕೆ ವಾರಸುದಾರರೇ ಇಲ್ಲದೆ ಅದು ಕಸಕ್ಕೆ ಹೋಗುತ್ತಿತ್ತು.

ನಮ್ಮ ಸಾಹೇಬರಿಗೆ ಇದನ್ನು ವಿವರಿಸಿದೆ. ಅವರು ಹುಬ್ಬು ಗಂಟಿಕ್ಕಿ ಮರಾಠಿಯಲ್ಲಿ ಕೇಳಿದರು, "ಅಂದರೆ ಕೇಳಿದವನದೂ ತಪ್ಪಿಲ್ಲ, ಹೇಳಿದವನದೂ ತಪ್ಪಿಲ್ಲ?"

"ಇಲ್ಲ ಸರ್."

"ಮತ್ತೆ ನಾನು ಯಾರನ್ನು ಬೈಯಲಿ?"

"ಯಾರನ್ನೂ ಬೇಡ ಸರ್. ಆ ಗಡಿಯಾರ ಸ್ವಲ್ಪ ಹೆಚ್ಚು ಹೊತ್ತು ಕಾಯುವಂತೆ ಮಾಡಿದರೆ ಸಾಕು. ಇವತ್ತೇ ಮಾಡಿಬಿಡಲೇ?"

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವಸರ ಮಾಡಬೇಡಿ. ಮುಂಬೈಗೆ ಕೇಳಿದ್ದೇನೆ. ಉತ್ತರ ಬರಲಿ."

ಶುಭೋದಯ

ದೀಪಾವಳಿ ಹತ್ತಿರ ಬರತೊಡಗಿತು. ಮಗಳು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಕೇಳಿದರೆ, "ಮಲಾ ಕಾಯ್ ಟೆನ್ಶನ್ ನಾಹೀ ಅಪ್ಪಾ," ನನಗೇನೂ ಚಿಂತೆ ಇಲ್ಲ, ಅನ್ನುತ್ತಾಳೆ, ಆದರೆ ತಟ್ಟೆಯ ಪಕ್ಕ ಫೋನು ಇಟ್ಟುಕೊಂಡೇ ಉಣ್ಣುತ್ತಾಳೆ. ಅದು ಸದ್ದು ಮಾಡಿದರೆ ತುತ್ತು ಅರ್ಧಕ್ಕೇ ನಿಲ್ಲುತ್ತದೆ. ಅವಳ ಆ ಮುಖ ನೋಡಿದರೆ ನನಗೇ ಅಳು ಬರುತ್ತಿತ್ತು.

ಎಕ್ಸ್‌ಚೇಂಜುಗಳ ನಡುವೆ ಒಂದು ಒಳ್ಳೆಯ ಪದ್ಧತಿ ಇದೆ. ಕೆಲಸದ ಮಾತೇನೂ ಇಲ್ಲದಿದ್ದಾಗಲೂ ಒಂದು ಇನ್ನೊಂದಕ್ಕೆ "ಇದ್ದೀಯಾ?" ಎಂದು ಕೇಳುತ್ತದೆ. ಅದು "ಇದ್ದೇನೆ" ಅನ್ನುತ್ತದೆ. ಅಷ್ಟೇ, ಲೈನು ಜೀವಂತವಾಗಿದೆ ಎಂದು ಇಬ್ಬರಿಗೂ ಧೈರ್ಯ. ನಾನೂ ಅದನ್ನೇ ಮಾಡಿದೆ. ಹುಡುಗನ ತಂದೆಗೆ ವಾಟ್ಸಾಪಿನಲ್ಲಿ ಒಂದು ದಾಸವಾಳ ಹೂವಿನ ಚಿತ್ರ ಕಳಿಸಿದೆ, ಮೇಲೆ "ಶುಭೋದಯ" ಎಂದು ಬರೆದದ್ದು. ಇದರಲ್ಲಿ ಹಗುರಾಗುವ ಪ್ರಶ್ನೆಯೇ ಇಲ್ಲ. ಸ್ವಲ್ಪ ಹೊತ್ತಿಗೆ ಅವರಿಂದ ಸೂರ್ಯ ಬಂದ. ಅದರ ಮೇಲೂ "ಶುಭೋದಯ".

ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದಳು. "ಏನಂದ್ರು?"

"ಶುಭೋದಯ ಅಂದ್ರು."

"ಮುಂದ?"

"ಮುಂದ ಏನಿಲ್ಲ. ಸೂರ್ಯ ಅದಾನ."

"ಹುಟ್ಟೂ ಸೂರ್ಯನೋ ಮುಳುಗೂ ಸೂರ್ಯನೋ?"

ನಾವಿಬ್ಬರೂ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆವು. ಹೇಳಲು ಬರುವಂತಿರಲಿಲ್ಲ. ಆ ದಿನ ಅವಳೂ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಪ್ರತಿದಿನ ಇದೇ ಆಯಿತು. ನಾನು ದ್ರಾಕ್ಷಿ ಕಳಿಸಿದರೆ ಅವರು ನವಿಲು. ನಾನು ನಂದಿ ಕಳಿಸಿದರೆ ಅವರು ದೀಪ. ನವಿಲು ಬಂದ ದಿನ ಮನೆಯಲ್ಲಿ ಶಿರಾ ಮಾಡಿದೆವು, ಬೋಳು ಮರ ಬಂದ ದಿನ ಒಲೆಯೇ ಹಚ್ಚಲಿಲ್ಲ.

ಒಂದು ಬೆಳಿಗ್ಗೆ ನೋಡುತ್ತೇನೆ, ನಾನು ಮೊದಲ ದಿನ ಕಳಿಸಿದ ದಾಸವಾಳವೇ ವಾಪಸ್ ಬಂದಿದೆ. ಲೈನಿನಲ್ಲಿ ನಾವು ಕಳಿಸಿದ್ದೇ ನಮಗೆ ತಿರುಗಿ ಬಂದರೆ ಆ ತುದಿಯಲ್ಲಿ ಯಾರೋ ಎರಡು ತಂತಿ ಜೋಡಿಸಿಬಿಟ್ಟಿದ್ದಾರೆ, ಆಚೆ ಸಂಪರ್ಕವೇ ಇಲ್ಲ ಎಂದರ್ಥ. ಹೆಂಡತಿಗೆ ಹೇಳಿದೆ, "ಮುಗೀತು. ನಮ್ಮದು ನಮಗ ವಾಪಸ್ ಬಂತು. ಆ ಕಡಿ ಕಟ್ ಆಗ್ಯಾದ."

ಅವಳು ಫೋನು ಕಸಿದುಕೊಂಡು ನೋಡಿ ನಿಟ್ಟುಸಿರು ಬಿಟ್ಟಳು. "ಕಟ್ ಆಗಿಲ್ಲ ಬಿಡ್ರಿ. ಅವರ ಹತ್ರ ಚಿತ್ರ ಮುಗದಾವ."

ಇಡುವ ಪರವಾನಗಿ

ಇಲ್ಲಿ ನನ್ನ ಇನ್ನೊಂದು ದೌರ್ಬಲ್ಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಫೋನು ಮೊದಲು ಇಡುವುದು ನನ್ನ ಕೈಯಲ್ಲಿ ಆಗದ ಕೆಲಸ. ನಮ್ಮ ಕಡೆ ಹಿರಿಯರ ಮಾತಿನ ನಡುವೆ ಎದ್ದು ಹೋಗುವುದು ಹೇಗೋ, ಎದುರಿನವರಿಗಿಂತ ಮೊದಲು ಫೋನು ಇಡುವುದೂ ಹಾಗೆಯೇ. "ಇಡ್ಲೇನ್ರಿ?" ಎಂದು ಕೇಳಬೇಕು, "ಇಡ್ರಿ" ಅನ್ನಬೇಕು, ಆಮೇಲೂ ಇಬ್ಬರೂ ಹಿಡಿದುಕೊಂಡೇ ಇರಬೇಕು. ದಿನವಿಡೀ ಮಾತು ಮುಗಿಸುವ ಯಂತ್ರಗಳನ್ನು ಕಾಯುವ ನನಗೆ ಒಂದು ಕೆಂಪು ಗುಂಡಿ ಒತ್ತಲು ಬೆರಳು ಬರುವುದಿಲ್ಲ.

ಅದೇ ದಿನಗಳಲ್ಲಿ ಆರೋಗ್ಯ ವಿಮೆ ಮಾರುವ ಹುಡುಗಿಯೊಬ್ಬಳು ಫೋನ್ ಮಾಡಿದಳು. ಹಿಂದಿಯಲ್ಲಿ ಎಲ್ಲ ಹೇಳಿದಳು, ನಾನು ಬೇಡವಮ್ಮಾ ಅಂದೆ. ಸರಿ ಸರ್ ಅಂದಳು. ಇಬ್ಬರೂ ಸುಮ್ಮನಾದೆವು. ಸ್ವಲ್ಪ ಹೊತ್ತಾದ ಮೇಲೆ ಅವಳೇ ಅಂದಳು, "ಸರ್, ಫೋನ್ ಇಡಿ."

"ನೀನೇ ಇಡಮ್ಮಾ."

"ನಮಗೆ ಇಡುವ ಪರವಾನಗಿ ಇಲ್ಲ ಸರ್. ಗಿರಾಕಿಗಳೇ ಇಡಬೇಕು."

"ನನಗೂ ಇಡಲು ಬರುವುದಿಲ್ಲ ತಾಯಿ, ಏನು ಮಾಡಲಿ?"

ಪಾಪ, ಅವಳ ದನಿ ಅಳುವ ಹಾಗಾಯಿತು. ಹಿಂದೆ ನಿಂತು ಎಲ್ಲ ಕೇಳುತ್ತಿದ್ದ ಹೆಂಡತಿ ಫೋನು ಕಿತ್ತುಕೊಂಡು, "ಹಾಂ, ವಿಮೆ ಬೇಕು. ಇವರಿಗೆ ನಾಳೆ ಬೆಳಿಗ್ಗೆ ಹೃದಯದ ಆಪರೇಷನ್ ಇದೆ. ಇವತ್ತೇ ಮಾಡಿಕೊಡಿ," ಅಂದಳು.

ಕರೆ ಅಲ್ಲಿಗೇ ಕಟ್ಟಾಯಿತು. ಪರವಾನಗಿ ಸಿಕ್ಕಿರಬೇಕು.

ಡಬ್ಬಿ

ದೀಪಾವಳಿಯ ಹಿಂದಿನ ಭಾನುವಾರ. ಸೋಲಾಪುರದವರಿಗೆ ಹೇಳಿಕಳಿಸಲು ಹೆಂಡತಿ ಮಾತು ಹೊಂದಿಸಿಕೊಳ್ಳುತ್ತಿದ್ದಳು. ಮಗಳು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ನನಗೆ ತಡೆಯಲಾಗಲಿಲ್ಲ. ನಾಳೆ ಉತ್ತರ ಬಂದರೆ? ಬಾಗಿಲಿಗೆ ಬಂದ ಉತ್ತರ ಕಸಕ್ಕೆ ಹೋದರೆ? ಕಣ್ಣು ಊಟದ ಮೇಜಿನ ಮೇಲೆ ಬಿತ್ತು. ಶೇಂಗಾ ಹೋಳಿಗೆಯ ಆ ದೊಡ್ಡ ಸ್ಟೀಲ್ ಡಬ್ಬಿ, ತೊಳೆದು ಬೋರಲು ಹಾಕಿದ್ದು, ಇನ್ನೂ ನಮ್ಮಲ್ಲೇ ಇತ್ತು.

"ಡಬ್ಬಿ ವಾಪಸ್ ಕೊಡಬೇಕು ಅಂತ ಫೋನ್ ಮಾಡ್ತೀನಿ," ಅಂದೆ. "ಇದರಾಗ ಹಗುರ ಆಗೂದೇನದ?"

ಹೆಂಡತಿ ಯೋಚಿಸಿ ಒಪ್ಪಿದಳು. "ಸ್ಪೀಕರ್ ಹಾಕ್ರಿ. ನಾನೂ ಕೇಳ್ತೀನಿ."

ಹುಡುಗನ ತಂದೆ ಮೊದಲ ರಿಂಗಿಗೇ ಎತ್ತಿದರು. ಮಳೆ ಬಗ್ಗೆ ಮಾತಾಡಿದೆವು. ಈರುಳ್ಳಿ ಬಗ್ಗೆ ಮಾತಾಡಿದೆವು. ಅವರ ಮೊಣಕಾಲಿನ ಬಗ್ಗೆ, ನನ್ನ ಸೊಂಟದ ಬಗ್ಗೆ. ಕೊನೆಗೆ ನಾನು, "ನಿಮ್ಮ ಡಬ್ಬಿ ನಮ್ಮಲ್ಲೇ ಉಳದದರಿ. ಮುಟ್ಟಿಸಬೇಕಂತ ಅಂದಿದ್ದೆ," ಅಂದೆ.

ಅವರು, "ಇರ್ಲಿ ಬಿಡ್ರಿ. ನೀವೇ ಇಟಗೋರಿ," ಅಂದರು.

ಅಷ್ಟೇ. ಇನ್ನು ಮಾತು ಉಳಿದಿರಲಿಲ್ಲ. "ಮತ್ತ ಇಡ್ಲೇನ್ರಿ?" ಅಂದೆ.

"ಇಡ್ರಿ, ಇಡ್ರಿ."

"ಮೊದಲು ನೀವೇ ಇಡ್ರಿ."

"ಹಂಗ ಹೆಂಗಾಗ್ತದ, ನೀವು ಇಡ್ರಿ."

ಟೆಲಿಫೋನಿನ ಹಳೆಯ ನಿಯಮದ ಪ್ರಕಾರ ಕರೆ ಮಾಡಿದವನೇ ಇಡಬೇಕು. ಆದರೆ ಅವರು ಗಂಡಿನ ತಂದೆ. ಅವರ ಕಿವಿಯ ಮೇಲೆ ನಾನು ಹೇಗೆ ಕಟ್ ಮಾಡಲಿ? ಅವರು ಇಡಲಿ ಎಂದು ನಾನು ಫೋನನ್ನು ಮೆಲ್ಲಗೆ, ಮರ್ಯಾದೆಯಿಂದ, ಆ ಬೋರಲು ಡಬ್ಬಿಯ ಮೇಲೆ ಮಲಗಿಸಿದೆ.

ಹೆಂಡತಿಯ ಕಣ್ಣಲ್ಲಿ ಆಗಲೇ ನೀರು ತುಂಬಿತ್ತು. "ಕೇಳಿದ್ರೇನು? ಡಬ್ಬಿ ಇಟಗೋರಿ ಅಂದ್ರು! ಸಂಬಂಧ ಬೇಕಿದ್ರ ಡಬ್ಬಿ ಒಯ್ಯಾಕಾರ ಬರ್ತಿದ್ರು. ಡಬ್ಬಿ ಬಿಟ್ರು ಅಂದ್ರ ನಮ್ಮನ್ನೂ ಬಿಟ್ರು."

"ಸ್ಟೀಲಿನ ಅಂಗಡಿ ಅದ ಅವರದು, ಒಂದು ಡಬ್ಬಿ ಯಾವ ಲೆಕ್ಕ..."

"ಶೇಂಗಾ ಹೋಳಿಗಿ ಹಾಕಿ ಕೊಟ್ಟ ಡಬ್ಬಿ ಯಾರಾರ ಬಿಡ್ತಾರೇನ್ರಿ? ನಾ ಅದರಾಗ ಕರದಂಟು ತುಂಬಿ ಕಳಸ್ಬೇಕು ಅಂತ ಮಾಡಿದ್ದೆ."

ಗದ್ದಲ ಕೇಳಿ ಮಗಳು ಹೊರಗೆ ಬಂದಳು. ಕಣ್ಣು ಕೆಂಪಾಗಿದ್ದವು. ತಾಯಿಯ ಮುಖ ನೋಡಿ, ನನ್ನ ಮುಖ ನೋಡಿ, ಅಷ್ಟು ದಿನ ಹಿಡಿದಿಟ್ಟುಕೊಂಡದ್ದನ್ನೆಲ್ಲ ಒಮ್ಮೆಗೇ ಬಿಟ್ಟಳು. "ತುಮ್ಹೀ ಕೋಣೀಚ್ ಮಲಾ ವಿಚಾರತ್ ನಾಹೀ! ನನಗ ಯಾರೂ ಕೇಳ್ಲೇ ಇಲ್ಲ! ನನಗ ಹುಡುಗ ಇಷ್ಟ ಆಗ್ಯಾನ. ಸೋಲಾಪುರ ನಕೋ, ಬ್ಯಾರೆ ಯಾರೂ ಬ್ಯಾಡ!"

ನಿಜ. ಇಷ್ಟು ದಿನ ನವಿಲನ್ನು ಕೇಳಿದ್ದೆವು, ಸೂರ್ಯನನ್ನು ಕೇಳಿದ್ದೆವು, ಪಕ್ಕದ ಕೋಣೆಯಲ್ಲಿದ್ದವಳನ್ನು ಕೇಳಿರಲಿಲ್ಲ. ಮನೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಡಬ್ಬಿ ಮಾತಾಡಲು ಶುರು ಮಾಡಿತು.

"ಡಬ್ಬಿ ವಾಪಸ್ ಕೊಡ್ಲಾಕ ಫೋನ್ ಮಾಡ್ಯಾರ ಅಂದ್ರ ಏನರ್ಥ ರೀ?" ಎಂದು ಡಬ್ಬಿಯೊಳಗಿನಿಂದ ಒಬ್ಬ ಹೆಂಗಸು ಗದ್ಗದಿಸುತ್ತಿದ್ದಳು. "ನಿಮ್ಮ ವಸ್ತು ನೀವು ಒಯ್ರಿ, ನಮಗ ಸಂಬಂಧ ಬ್ಯಾಡ ಅಂತ! ಮನಸ್ಸಿದ್ರ ಡಬ್ಬಿ ಇಟಗೋತಿದ್ರು!"

"ಅದಕ್ಕೇ ನಾನು ಇಟಗೋರಿ ಅಂದೆನಲ್ಲ!" ಅಂತ ಗಂಡಸಿನ ದನಿ. "ಇನ್ನ ಹೆಂಗ ಹೇಳ್ಲಿ? ದಿನಾ ಮುಂಜಾನಿ ಚಿತ್ರ ಹುಡುಕಿ ಹುಡುಕಿ ನನ್ನ ಕಣ್ಣು ಹೋಗ್ಯಾವ!"

ಮೂರನೆಯ ದನಿ ಹುಡುಗನದು, ಮರಾಠಿಯಲ್ಲಿ. "ಬಾಬಾ, ಸ್ಪೀಕರ್ ಚಾಲೂ ಆಹೇ. ತಿಕಡೂನ್ ಆವಾಜ್ ಯೇತೋಯ್. ತೀ ಹೋ ಮ್ಹಣಾಲೀ!"

ಸ್ಪೀಕರ್ ಹಾಗೇ ಇದೆ, ಆ ಕಡೆಯ ದನಿ ಬರುತ್ತಿದೆ, ಅವಳು ಹೂಂ ಅಂದಳು ಅಂತ! ಮಗಳ ಮಾತು ಆ ಕಡೆಯಲ್ಲೂ ಕೇಳಿಸಿತ್ತು. ನಾವು ಮೂವರೂ ಡಬ್ಬಿಯ ಮೇಲೆ ಬಗ್ಗಿದೆವು. ಅಲ್ಲಿ ಅವರು ಮೂವರೂ ತಮ್ಮ ಫೋನಿನ ಮೇಲೆ ಬಗ್ಗಿರಬೇಕು, ಏಕೆಂದರೆ ಒಂದು ಕ್ಷಣ ಎರಡೂ ಕಡೆ ಉಸಿರಾಟ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಡಬ್ಬಿಗೆ ಹೇಳಿದಳು, "ಅಕ್ಕಾರ, ಡಬ್ಬಿ ನಾನು ಕೊಡಂಗಿಲ್ಲ!"

"ಕೊಡಬ್ಯಾಡ್ರಿ!" ಅಂದರು ಆ ಕಡೆಯ ತಾಯಿ, ಅಳುತ್ತ ನಗುತ್ತ. "ನೀವೇ ತುಂಬಿಸ್ಕೊಂಡು ಬರ್ರಿ!"

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಇನ್ನು ಫೋನು ಇಡಬೇಕು. ಹೆಂಡತಿ, "ಇಡ್ರಿ ಇನ್ನ," ಅಂತ ಕಣ್ಣುಸನ್ನೆ ಮಾಡಿದಳು. ಅವರು ಇಡಲಿ ಎಂದು ನಾನು ಕೈಸನ್ನೆ ಮಾಡಿದೆ. ಡಬ್ಬಿಯೊಳಗಿನಿಂದ ಆ ಕಡೆಯ ತಾಯಿ ಪಿಸುಗುಟ್ಟುವುದು ಕೇಳಿಸಿತು, "ಇಡ್ರಿ ಇನ್ನ." ತಂದೆಯೂ ಪಿಸುಗುಟ್ಟಿದರು, "ಅವರು ಇಡ್ಲಿ."

ಮಗಳು ಹಣೆ ಬಡಿದುಕೊಂಡು ಕೈ ಚಾಚಿ ಕೆಂಪು ಗುಂಡಿ ಒತ್ತಿಬಿಟ್ಟಳು.

"ಅಯ್ಯೋ ಹುಚ್ಚಿ, ಅವರಿಗಿಂತ ಮೊದಲು ಇಟ್ಟಿಯಲ್ಲ!" ಎಂದು ನಾನು ಕಿರುಚಿದೆ. ಕೂಡಿದ ಸಂಬಂಧ ಮುರಿಯಿತೆಂದು ಕಣ್ಣು ಕತ್ತಲೆ ಬಂತು. ಕ್ಷಮೆ ಕೇಳಬೇಕೆಂದು ಫೋನು ಎತ್ತಿಕೊಳ್ಳುವಷ್ಟರಲ್ಲಿ ಅದೇ ರಿಂಗಾಯಿತು. ಹುಡುಗನ ತಂದೆ.

"ತಪ್ಪು ತಿಳೀಬ್ಯಾಡ್ರಿ ಬೀಗರ, ನಾನು ಇಟ್ಟಿದ್ದಲ್ಲ. ನಮ್ಮ ಹುಡುಗ ಹುಚ್ಚರಂಗ ಒತ್ತಿಬಿಟ್ಟ!"

ಬೀಗರ! ಹೇಳಿಯೇಬಿಟ್ಟರು. ಕಾದ ಉತ್ತರ ಬಂದಿತ್ತು, ಸರಿಯಾದ ಟೋಕನ್ ಹಿಡಿದುಕೊಂಡೇ ಬಂದಿತ್ತು. "ಇರ್ಲಿ ಬಿಡ್ರಿ ಬೀಗರ, ಅದಕ್ಕೇನಂತ," ಅಂದೆ. "ಇಡ್ರಿ ಇನ್ನ."

"ಛೇ ಛೇ," ಅಂದರು ಬೀಗರು. "ಮೊದಲು ನೀವು."